ಹನ್ನೆರಡು ಚೀಟಿಗಳ ಕುಂಕುಮ

ಸಾಫ್ಟ್‌ವೇರ್ ಉದ್ಯಮ ಬೆಳೆಸಲೆಂದು ಸರ್ಕಾರ ಮೈಸೂರಿನ ಮಂಡಿ ಮೊಹಲ್ಲಾದ ಹಳೆಯ ಗೋದಾಮೊಂದನ್ನು ಕೋಣೆಗಳಾಗಿ ಮಾಡಿ ಹಂಚಿತ್ತು. ಗೌತಮಿಯ ಕಂಪನಿಗೆ ಒಂದು ಕೋಣೆ, ಹನ್ನೆರಡು ಕಂಪ್ಯೂಟರು ಸಿಕ್ಕಿದ್ದವು. ಬಿತ್ತಿದ್ದು ಸರ್ಕಾರ, ಮೊಳಕೆ ಬಂತೇ ಎಂದು ವರ್ಷಕ್ಕೊಮ್ಮೆ ಅಗೆದು ನೋಡುವುದೂ ಅದೇ. ಕಂಪ್ಯೂಟರಿಗೆ ಅಂಟಿಸಿದ ಸರ್ಕಾರಿ ಚೀಟಿಯ ನಂಬರು ಒಂದೇ ಒಂದು ತಾಳೆಯಾಗದಿದ್ದರೂ ಕೋಣೆ ವಾಪಸ್ಸು. ಪಕ್ಕದ ಕೋಣೆಯ ಧರಣಿ ಹೋದ ವರ್ಷ ಹಾಗೇ ಕೋಣೆ ಕಳೆದುಕೊಂಡವನು. ಅವನ ಬೋರ್ಡಿನ ಮೊಳೆ ಇನ್ನೂ ಗೋಡೆಯಲ್ಲಿತ್ತು.

ವಿಜಯದಶಮಿಯ ಮರುದಿನ ತಪಾಸಣೆ. ಅಧಿಕಾರಿ ಬರುವ ಅರ್ಧ ಗಂಟೆ ಮೊದಲು ಬಾಗಿಲು ತೆಗೆದ ಗೌತಮಿ ಹೊಸಿಲಲ್ಲೇ ನಿಂತಳು. ಆಯುಧಪೂಜೆಯನ್ನು ಕಸ ಗುಡಿಸುವ ಮಹದೇವಮ್ಮನಿಗೆ ಒಪ್ಪಿಸಿ ಹೋಗಿದ್ದಳು. ಆಕೆ ಹನ್ನೆರಡೂ ಚೀಟಿಗಳ ಮೇಲೆ ನೀರಲ್ಲಿ ಕಲಸಿದ ಕುಂಕುಮ ದಪ್ಪಗೆ ಮೆತ್ತಿದ್ದಳು.

"ಅಲ್ಲಿಗ್ಯಾಕೆ ಇಟ್ರಿ ಮಹದೇವಮ್ಮ?"

"ಗಂಡಭೇರುಂಡ ಇತ್ತಲ್ಲವ್ವ, ಅದೇ ಹಣೆ ಅನ್ಕಂಡೆ. ಮೈಸೂರಲ್ಲಿ ಅದ ಬುಟ್ಟು ಇನ್ನೆಲ್ಲಿಗೆ ಇಡಾದು?"

"ಒರೆಸಿಬಿಡಿ, ಬೇಗ."

"ಬದುಕಿರೋದ್ರ ಹಣೆ ಕುಂಕುಮ ನಾ ಒರ್ಸಕಿಲ್ಲ ಕಣವ್ವ. ಧೈರ್ಯ ಇದ್ರೆ ನೀನೇ ಒರ್ಸು."

ದೇವರಿಲ್ಲವೆಂದು ಕಾಲೇಜಿನಲ್ಲಿ ಭಾಷಣ ಬಿಗಿದಿದ್ದ ಗೌತಮಿ ಬಟ್ಟೆ ಹಿಡಿದಳು. ಕೈ ಏಳಲಿಲ್ಲ.

ಅಧಿಕಾರಿ ವಾಗೀಶ ಬಂದವರೇ ಕುಂಕುಮ ಕಂಡು ತಮಗೇ ತಿಳಿಯದೆ ಬೂಟು ಕಳಚಿದರು.

"ಹಬ್ಬ ಜೋರಾಗೇ ಮಾಡಿದ್ದೀರಿ. ನಂಬರೆಲ್ಲಿ?"

"ಕುಂಕುಮದ ಕೆಳಗಿದೆ ಸರ್."

"ಒರೆಸಿ ಮತ್ತೆ."

ಗೌತಮಿ ಬಟ್ಟೆಯನ್ನು ಮಹದೇವಮ್ಮನತ್ತ ಚಾಚಿದಳು, ಮಹದೇವಮ್ಮ ಕೈ ಹಿಂದೆ ಕಟ್ಟಿಕೊಂಡಳು. ವಾಗೀಶ ಗಡಿಯಾರ ನೋಡಿದರು, 'ತಾಯಿ ಚಾಮುಂಡಿ' ಎಂದು ಗೊಣಗಿ ಕರವಸ್ತ್ರದಿಂದ ಮೊದಲ ಚೀಟಿಯನ್ನು ತಾವೇ ಒರೆಸಿದರು. ಕುಂಕುಮ ಬಂತು. ಅದರ ನೀರಿಗೆ ನೆನೆದಿದ್ದ ಶಾಯಿಯೂ ಜೊತೆಗೇ ಬಂತು. ಹಕ್ಕಿ ಇಲ್ಲ, ನಂಬರಿಲ್ಲ, ಬಿಳಿ ಕಾಗದ.

ಗೌತಮಿಯ ಕಂಪನಿಯ ಎಂಟು ಜನರ ಕೆಲಸ ಆ ಬಿಳಿ ಕಾಗದದ ಮೇಲಿತ್ತು.

ವಾಗೀಶ ಕರವಸ್ತ್ರವನ್ನೇ ನೋಡುತ್ತ ನಿಂತರು.

"ಇದನ್ನ ಅಳಿಸಿದ್ದು ನಾನು ಅಂತ ಬರೀಬೇಕಾಗುತ್ತೆ, ಅಲ್ವಾ?"

"ಹೌದೇನೋ ಸರ್."

"ಸರ್ಕಾರಿ ಗುರುತು ಅಳಿಸಿದ್ರೆ ಸಸ್ಪೆಂಡು ಕಣ್ರೀ."

ಈಗ ಕೋಣೆಯಲ್ಲಿ ಹೆದರಿದವರು ಇಬ್ಬರಾದರು. ಹನ್ನೊಂದು ಹಣೆಗಳು ಅವರನ್ನೇ ನೋಡುತ್ತಿದ್ದವು.

"ಅಮ್ಮಾ, ಕುಂಕುಮದ ಬಟ್ಟಲು ಇದೆಯಾ?"

ಮಹದೇವಮ್ಮ ತಂದುಕೊಟ್ಟಳು. ವಾಗೀಶ ಬೆರಳು ಅದ್ದಿ, ಬಿಳಿ ಕಾಗದ ಪೂರ್ತಿ ಮುಚ್ಚುವಷ್ಟು ದೊಡ್ಡ ಬೊಟ್ಟಿಟ್ಟರು. ಫಾರಮ್ಮಿನಲ್ಲಿ 'ಹನ್ನೆರಡೂ ಸರಿ ಇವೆ' ಎಂದು ಬರೆದು ಸಹಿ ಹಾಕಿದರು.

ಬೂಟು ಕಟ್ಟುತ್ತ, ತಲೆಯೆತ್ತದೆ ಹೇಳಿದರು: "ಫೆಬ್ರವರಿಗೆ ನನ್ನ ರಿಟೈರ್‌ಮೆಂಟು. ಅಲ್ಲೀತನಕ ಉದುರದ ಹಾಗೆ ನೋಡ್ಕೊಳ್ಳಿ. ಫ್ಯಾನು ಹಾಕ್ಬೇಡಿ."

ಗೌತಮಿ ಆಗಲೇ ಫ್ಯಾನು ನಿಲ್ಲಿಸಿದ್ದಳು. ಫೆಬ್ರವರಿಯ ನಂತರ ಬರುವವರು ಯಾರೆಂದು ಕೇಳುವ ಧೈರ್ಯ ಅವಳಿಗಾಗಲಿಲ್ಲ.