ನಲವತ್ತಾರು

ಸೀಳಿದ ಪ್ಲಾಸ್ಟರಿನ ಪುಡಿ ಹಾಸಿಗೆಯ ಮೇಲೆಲ್ಲ, ಅಣ್ಣ ಅದನ್ನು ಅಂಗೈಯಿಂದ ಒರೆಸುತ್ತಿದ್ದಾನೆ, ಮುಟ್ಟಬೇಡ, ಆ ಕೈಯಿಂದ ಏನನ್ನೂ ಮುಟ್ಟಬೇಡ — ಬೆಳಿಗ್ಗೆ ಗೋದಾಮಿನಲ್ಲಿ ಲಾರಿಯನ್ನು ಹಿಂದಕ್ಕೆ ತಂದು ನನ್ನ ಕಾಲನ್ನು ಗೋಡೆಗೆ ಒತ್ತಿದ ಕೈ ಅದು, ಈಗ ಭುಜ ತಟ್ಟುತ್ತದೆ, ಸ್ವಲ್ಪ ತಡ್ಕೊಳೋ, ಮೂಳೆ ಮುರಿದ್ರೆ ನೋವಾಗ್ದೇ ಇರುತ್ತಾ, ಚಿಕ್ಕಂದಿನಿಂದ್ಲೂ ನಿಂದು ಇದೇ ಗೋಳು. ದೊಡ್ಡ ಡಾಕ್ಟರೂ ಅಷ್ಟೇ, ಪ್ಲಾಸ್ಟರ್ ಚೆನ್ನಾಗಿ ಕೂತಿದೆ, ಇನ್ನೊಂದು ಇಂಜೆಕ್ಷನ್ ಕೊಡಿ ಎಂದು ಹೊರಟರು, ಮೂರು ಇಂಜೆಕ್ಷನ್ ಆದವು, ನೋವು ಜಗ್ಗಲಿಲ್ಲ, ಮೀನಖಂಡ ಕಲ್ಲಾಗಿದೆ, ಒಳಗೆ ಯಾರೋ ಹಗ್ಗ ಬಿಗಿಯುತ್ತಲೇ ಇದ್ದಾರೆ, ಅಣ್ಣ ನರ್ಸಿನ ಎದುರು ನಕ್ಕ, ನಕ್ಕನಲ್ಲ! ಡ್ಯೂಟಿಯ ಡಾಕ್ಟರಮ್ಮ ಮಾತ್ರ ನಗಲಿಲ್ಲ, ಕಾಲಿನ ಹೆಬ್ಬೆರಳನ್ನು ಮೆಲ್ಲಗೆ ಬಗ್ಗಿಸಿದರು, ನನ್ನ ಕಿರುಚಾಟಕ್ಕೆ ಪಕ್ಕದ ಹಾಸಿಗೆಯವನು ಎದ್ದು ಕೂತ, ಪ್ಲಾಸ್ಟರ್ ಸೀಳಿಸಿದ್ದೂ ಅವರೇ, ಈಗ ಸೂಜಿ, ಮಾಂಸದ ಒಳಗೆ ಒತ್ತಡ ಎಷ್ಟಿದೆ ಅಂತ ಅಳೀತೀನಿ, ಅಲ್ಲಾಡ್ಬೇಡಿ — ಅಳೆಯಮ್ಮ, ನನ್ನ ಬಾಯಿಗೆ ಬೆಲೆಯಿಲ್ಲದ ಕಡೆ ಯಂತ್ರವಾದರೂ ಮಾತಾಡಲಿ. ಅಂಕಿ ಏರುತ್ತದೆ, ಮೂವತ್ತು, ನಲವತ್ತು, ನಲವತ್ತಾರಕ್ಕೆ ನಿಂತಿತು, ಅವರು ಫೋನಿನಲ್ಲಿ ದೊಡ್ಡ ಡಾಕ್ಟರಿಗೆ ಹೇಳುತ್ತಿದ್ದಾರೆ, ಸರ್, ಕೆಳಗಿನ ಬಿಪಿ ಅರವತ್ತೆಂಟು, ಕಾಲಲ್ಲಿ ನಲವತ್ತಾರು, ಅಂತರ ಮೂವತ್ತೂ ಇಲ್ಲ, ರಕ್ತ ಹೋಗ್ತಿಲ್ಲ, ಈಗ್ಲೇ ಮಾಂಸದ ಮೇಲಿನ ಪೊರೆ ಸೀಳಿ ಬಿಡಿಸ್ಬೇಕು, ಇಲ್ಲ ಸರ್, ಎರಡ್ಸಲ ಅಳೆದೆ, ತಡ ಮಾಡಿದ್ರೆ ಕಾಲು ಉಳಿಯಲ್ಲ. ಕೇಳಿಸ್ಕೊಂಡ್ಯಾ ಅಣ್ಣಾ, ನಲವತ್ತಾರು, ಗೋಳಿಗೂ ಲೆಕ್ಕ ಸಿಕ್ಕಿತು, ಕಾಲು ಹೋದರೆ ಹೋಗಲಿ, ನಿನ್ನ ಮುಖ ಬಿಳುಚಿಕೊಂಡದ್ದು ಕಂಡೆನಲ್ಲ, ಅಷ್ಟು ಸಾಕು.

ಎಚ್ಚರವಾದಾಗ ಕಾಲು ಇತ್ತು, ಮೊಣಕಾಲಿನ ಕೆಳಗೆ ಎರಡೂ ಬದಿ ಸೀಳಿ, ಹೊಲಿಯದೆ, ಬರೀ ಬ್ಯಾಂಡೇಜು, ಬೆರಳು ಆಡಿಸಿ ನೋಡೋಣ, ಹಾಂ, ಬಚಾವಾದ್ರಿ, ಊತ ಇಳಿದ್ಮೇಲೆ ಹೊಲಿಗೆ ಹಾಕ್ತೀವಿ ಎಂದು ಡಾಕ್ಟರಮ್ಮ ಹೋದರು. ಅಣ್ಣ ಸ್ಟೂಲಿನ ಮೇಲೆ ಕೂತು ಅಳುತ್ತಿದ್ದಾನೆ, ಈಗ ಯಾರದಪ್ಪಾ ಗೋಳು, ಅವನ ಬಾಯಲ್ಲಿ ಒಂದೇ ಮಾತು, ನಾನು ನೋಡ್ಲಿಲ್ಲ ಕಣೋ, ಆಣೆಗೂ ನೋಡ್ಲಿಲ್ಲ — ನೋಡಿದ್ಯಾ ಅಂತ ನಾನು ಕೇಳಿಯೇ ಇಲ್ಲ, ಯಾರೂ ಕೇಳಿಲ್ಲ, ಇವನು ಕುಡಿದು ಗಾಡಿ ಓಡಿಸುತ್ತಾನೆಂದು ಮೊನ್ನೆ ಲಾರಿ ಮಾಲೀಕರ ಕಿವಿಗೆ ಹಾಕಿದವನು ನಾನೇ, ಆದರೆ ಆ ಬೆಳಿಗ್ಗೆ ಇವನು ಕುಡಿದಿರಲಿಲ್ಲ, ಬಾಯಲ್ಲಿ ಹೆಂಡದ ವಾಸನೆಯಿರಲಿಲ್ಲ, ಗೋಡೆ ಬೆನ್ನಿಗೆ ತಾಗಿತು, ಅಣ್ಣಾ ಎಂದು ಕೂಗಿದೆ, ಎದುರಿಗೆ ಲಾರಿಯ ಪಕ್ಕದ ಕನ್ನಡಿ, ಕನ್ನಡಿಯೊಳಗೆ ಇವನ ಕಣ್ಣು — ನೋಡ್ಲಿಲ್ಲ ಕಣೋ — ನೆಟ್ಟಗೆ ನನ್ನನ್ನೇ, ರೆಪ್ಪೆ ಬಡಿಯದೆ, ಕನ್ನಡಿಯೊಳಗೆ ಕಣ್ಣು, ಆ ಕಣ್ಣು