ರಾಜನ ಹುಟ್ಟುಹಬ್ಬಕ್ಕೆ ಮಹಾಸಭೆ

ನಮ್ಮ ಪ್ರಗತಿಪರ ಗಣರಾಜ್ಯ ಪಕ್ಷದ ವಾರ್ಷಿಕ ಮಹಾಸಭೆ ಪ್ರತಿವರ್ಷ ರಾಜನ ಹುಟ್ಟುಹಬ್ಬದ ದಿನವೇ ನಡೆಯುತ್ತದೆ. ಸದಸ್ಯರಲ್ಲಿ ಮುಕ್ಕಾಲು ಪಾಲು ನಿವೃತ್ತರು, ಅವರಿಗೆ ದಿನವೂ ರಜೆಯೇ. ಆದರೆ ಅವರನ್ನು ಕಾರಿನಲ್ಲಿ ಕರೆತರುವ ಮಕ್ಕಳಿಗೆ ಬಿಡುವು ಸಿಗುವುದು ಅಂದು ಮಾತ್ರ. ಇಂಗ್ಲೆಂಡಿನ ರಾಜನೇ ಆಸ್ಟ್ರೇಲಿಯಕ್ಕೂ ರಾಜ, ಅವನು ಬೇಡವೆನ್ನುವುದೇ ನಮ್ಮ ಪಕ್ಷ. ಅವನು ಹುಟ್ಟಿದ್ದು ನವೆಂಬರಿನಲ್ಲಿ, ನಮ್ಮ ಟಾಸ್ಮೇನಿಯದಲ್ಲಿ ರಜೆ ಕೊಡುವುದು ಜೂನಿನ ಎರಡನೆಯ ಸೋಮವಾರ, ಇಲ್ಲಿನ ಚಳಿಗಾಲದಲ್ಲಿ. ಈ ರಜೆಯನ್ನು ರದ್ದು ಮಾಡಬೇಕೆಂದು ಹಿಂದೊಮ್ಮೆ ನಮ್ಮಲ್ಲೇ ಒಂದು ನಿರ್ಣಯ ಬಂದಿತ್ತು. ಹಾಗಾದರೆ ಮಹಾಸಭೆ ಯಾವಾಗ ಎಂದು ಯಾರೋ ಕೇಳಿದರು. ನಿರ್ಣಯವನ್ನು ಮುಂದೂಡಲಾಯಿತು.

ಸಭೆ ಸೇರುವುದು ಸ್ಯಾಂಡಿ ಹೆಡ್ ಊರಿನ ಮಹಿಳಾ ಸಂಘದ ಭವನದಲ್ಲಿ. ಊರಲ್ಲಿ ಹೀಟರ್ ಇರುವ ಭವನ ಅದೊಂದೇ. ವೇದಿಕೆಯ ಹಿಂದಿನ ಗೋಡೆಯ ಮೇಲೆ ತೀರಿಕೊಂಡ ರಾಣಿಯ ದೊಡ್ಡ ಚಿತ್ರವಿದೆ. ಅದನ್ನು ಕೆಳಗಿಳಿಸಬಾರದೆಂಬುದು ಸಂಘದ ನಿಯಮ, ಅದರ ಕೆಳಗೆ ಕೂರಬಾರದೆಂಬುದು ನಮ್ಮ ನಿಯಮ. ಹೀಗಾಗಿ ಸಭೆ ಮುಗಿಯುವ ತನಕ ಚಿತ್ರಕ್ಕೆ ಬಟ್ಟೆ ಹೊದಿಸುವುದೆಂದು ರಾಜಿಯಾಗಿತ್ತು. ಬಟ್ಟೆ ಕೊಡುವವರು ಭವನ ನೋಡಿಕೊಳ್ಳುವ ಐಲೀನ್ ಪೆಟರ್ಡ್, ಎಪ್ಪತ್ತೆಂಟು ವರ್ಷದ ಕಟ್ಟಾ ರಾಜಭಕ್ತೆ. ಆಕೆ ಕೊಡುವುದು ಪಾತ್ರೆ ಒರೆಸುವ ಒಂದು ಬಟ್ಟೆ. ಅದರ ಮೇಲೆ ರಾಜಮನೆತನದ ಯಾವುದೋ ಹಳೆಯ ಮದುವೆಯ ಚಿತ್ರ, ಸುತ್ತ ಗುಲಾಬಿ ಹೂ. "ಬೇರೆಯದೆಲ್ಲ ಒದ್ದೆ ಇದೆ ಕಣ್ರೀ" ಎಂದು ಇಪ್ಪತ್ತೆರಡು ವರ್ಷದಿಂದ ಹೇಳುತ್ತಿದ್ದಾರೆ.

ಪಕ್ಷದ ಕಾರ್ಯದರ್ಶಿ ನಾನು, ನೋಲಾ. ಈ ಸಲ ನನಗೆ ಒಂದೇ ಚಿಂತೆ. ಪಕ್ಷವೆಂದು ನೋಂದಣಿ ಉಳಿಯಬೇಕಾದರೆ ನೂರು ಸದಸ್ಯರಿರಬೇಕು. ಆ ನೂರು ಹೆಸರಿನ ಪಟ್ಟಿ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಚುನಾವಣಾ ಕಚೇರಿ ಸೇರಬೇಕು. ಅವರು ಅದರಲ್ಲಿ ಕೆಲವರಿಗೆ ಫೋನ್ ಮಾಡಿ "ನೀವು ನಿಜವಾಗಿಯೂ ಸದಸ್ಯರೇ?" ಎಂದು ಕೇಳುತ್ತಾರೆ. ಒಂದು ಹೆಸರು ಕಡಿಮೆಯಾದರೂ ಮತಪತ್ರದಿಂದ ನಮ್ಮ ಹೆಸರು ಮಾಯ. ಎರಡು ವರ್ಷ ಮನೆಮನೆ ತಿರುಗಿ, ಒಂದು ನಾಯಿಯಿಂದ ಕಚ್ಚಿಸಿಕೊಂಡು, ನಾನು ಸರಿಯಾಗಿ ನೂರು ಸಹಿ ತಂದಿದ್ದೆ. ಊರಲ್ಲಿ ಸಹಿ ಹಾಕುವವರೆಲ್ಲ ಹಾಕಿಯಾಗಿತ್ತು. ಉಳಿದವರು ನನ್ನನ್ನು ಕಂಡರೆ ಬೇಕರಿಯ ಹಿಂಬಾಗಿಲಿನಿಂದ ಜಾರಿಕೊಳ್ಳುತ್ತಿದ್ದರು.

ಆ ನೂರರಲ್ಲಿ ಮಹಾಸಭೆಗೆ ಬರುವವರು ಇಪ್ಪತ್ತಮೂರು. ಅಧ್ಯಕ್ಷ ಕ್ಲೆಮ್ ಬ್ರಾಡ್‌ಬಿಯನ್ನು ಬಿಟ್ಟರೆ ಹನ್ನೊಂದು ಜನ ಒಂದು ಕಡೆ, ಹನ್ನೊಂದು ಜನ ಇನ್ನೊಂದು ಕಡೆ. ರಾಜ ಹೋದ ಮೇಲೆ ದೇಶಕ್ಕೆ ಬರುವ ರಾಷ್ಟ್ರಾಧ್ಯಕ್ಷರನ್ನು ಜನರೇ ಆರಿಸಬೇಕೆನ್ನುವವರು ಗರ್ತ್ ಲ್ಯಾಂಬರ್ನ್ ಕಡೆಯವರು. ಆತ ಕಸಾಯಿಖಾನೆಯಲ್ಲಿ ದುಡಿದು ನಿವೃತ್ತನಾದ ಯೂನಿಯನ್ ಆಳು. ಸಂಸತ್ತು ಆರಿಸಬೇಕೆನ್ನುವವರು ಮೋನಿಕಾ ವೈಲಿ ಕಡೆಯವರು. ಆಕೆ ಶಾಲೆಯ ನಿವೃತ್ತ ಮೇಡಂ, ಗರ್ತ್‌ನ ಮಕ್ಕಳಿಬ್ಬರನ್ನೂ ಫೇಲ್ ಮಾಡಿದವರು. ಯಾವ ವಿಷಯ ಬಂದರೂ ಮತ ಹನ್ನೊಂದು, ಹನ್ನೊಂದು. ಅಧ್ಯಕ್ಷರು ನಿರ್ಣಾಯಕ ಮತ ಹಾಕುವಂತಿಲ್ಲ. ಒಬ್ಬನ ಕೈಯಲ್ಲಿ ಕೊನೆಯ ಮಾತು ಇದ್ದರೆ ಅವನೇ ರಾಜ ಎಂದು ನಮ್ಮ ಸ್ಥಾಪಕರು ಅಧ್ಯಕ್ಷರ ಮತವನ್ನೇ ಕಿತ್ತುಹಾಕಿದ್ದರು. ಇಪ್ಪತ್ತೆರಡು ವರ್ಷದಲ್ಲಿ ನಾವು ಒಂದು ನಿರ್ಣಯವನ್ನೂ ಅಂಗೀಕರಿಸಿಲ್ಲ. ನಡಾವಳಿಯ ಹಾಳೆಗಳಲ್ಲಿ "ಸಮಸಮ" ಎಂಬ ಪದವನ್ನು ನಾನು ಮೊದಲೇ ಅಚ್ಚು ಹಾಕಿಸಿಟ್ಟಿರುತ್ತೇನೆ.

ಅಂದು ಕ್ಲೆಮ್ ಸಭೆಗೆ ಟೈ ಕಟ್ಟಿಕೊಂಡು ಬಂದಿದ್ದರು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಅವರು "ಸಭೆ ಶುರು" ಎನ್ನುವಷ್ಟರಲ್ಲಿ, ಸ್ಕಾಲಪ್ ಚಿಪ್ಪುಮೀನಿನ ಪೈ ತಿನ್ನುತ್ತಾ ಪೇಪರಿನಲ್ಲಿ ಫುಟ್‌ಬಾಲ್ ಫಲಿತಾಂಶ ಹುಡುಕುತ್ತಿದ್ದ ಗರ್ತ್ ತಲೆಯೆತ್ತಿದ.

"ಏನೋ ಕ್ಲೆಮ್ಮು ಇದು? ರಾಜನ ಹುಟ್ಟುಹಬ್ಬದ ಪದಕದ ಪಟ್ಟಿಯಲ್ಲಿ ನಿನ್ನ ಹೆಸರೈತಲ್ಲೋ! 'ಕ್ಲೆಮೆಂಟ್ ಬ್ರಾಡ್‌ಬಿ, ಸ್ಯಾಂಡಿ ಹೆಡ್. ಬೌಲ್ಸ್ ಕ್ರೀಡೆಗೆ ಸಲ್ಲಿಸಿದ ಸೇವೆಗಾಗಿ.'"

ಎಲ್ಲರ ಕಣ್ಣೂ ಕ್ಲೆಮ್ ಅವರ ಟೈ ಮೇಲೆ ಹೋಯಿತು.

"ನಲವತ್ತಾರು ವರ್ಷ ಆ ಚೆಂಡು ಉರುಳಿಸೋ ಹುಲ್ಲಿಗೆ ರೋಲರ್ ಎಳ್ದಿದೀನಿ" ಎಂದರು ಕ್ಲೆಮ್ ಮೆಲ್ಲಗೆ.

"ಎಳ್ದಿದೀಯಪ್ಪ, ಯಾರು ಇಲ್ಲಾಂದ್ರು? ಆದರೆ ಕೊಡೋನು ಯಾರು?"

"ಮೊದಲೇ ಕಾಗದ ಬರೆದು ಒಪ್ಪಿಗೆ ಕೇಳ್ತಾರಲ್ಲ?" ಮೋನಿಕಾ ಕನ್ನಡಕ ಸರಿಮಾಡಿಕೊಂಡರು. "ಯಾವಾಗ ಬಂತು ಕಾಗದ?"

"ಮಾರ್ಚಿನಲ್ಲಿ. ಯಾರಿಗೂ ಹೇಳಬೇಡಿ ಅಂತ ಬರೆದಿದ್ರು. ಒಪ್ಪಿಗೆ, ನಿರಾಕರಣೆ ಅಂತ ಎರಡು ಚೌಕ ಇತ್ತು. ನಿರಾಕರಣೆಗೇ ಗುರುತು ಹಾಕೋಣ ಅಂತ ಕೂತೆ. ಮೂರು ದಿನ ಕೂತೆ. ಆಮೇಲೆ..." ಅವರು ತಮ್ಮ ಬಲಗೈಯನ್ನು, ಅದು ಬೇರೆಯವರದೇನೋ ಎಂಬಂತೆ, ನೋಡಿಕೊಂಡರು.

ನಾನು ನಿಯಮಾವಳಿ ತೆರೆದೆ. ತೆರೆಯಬಾರದಿತ್ತು. ನಾಲ್ಕನೆಯ ನಿಯಮ: ಅರಸೊತ್ತಿಗೆಯ ಹೆಸರಿನಲ್ಲಿ ಕೊಡುವ ಯಾವುದೇ ಗೌರವವನ್ನು ಒಪ್ಪಿದ ಸದಸ್ಯರ ಸದಸ್ಯತ್ವ ಆ ಕ್ಷಣವೇ ಕೊನೆಗೊಳ್ಳತಕ್ಕದ್ದು. ಓದಿ ಮುಗಿಸಿ, "ಹಾಗಾದರೆ ನಾವು ತೊಂಬತ್ತೊಂಬತ್ತು" ಎಂದೆ.

"ಮಾರ್ಚಿನಿಂದಲೇ" ಎಂದರು ಮೋನಿಕಾ. "ಏಪ್ರಿಲ್ ಸಭೆಯ ಅಧ್ಯಕ್ಷತೆಯೂ ಅಸಿಂಧು."

"ಏಪ್ರಿಲ್ ಸಭೇಲಿ ಏನು ಮಾಡಿದ್ವಿ ಮೇಡಂ? ಲ್ಯಾಮಿಂಗ್ಟನ್ ಕೇಕ್ ತಿಂದ್ವಿ. ಅದನ್ನೂ ವಾಪಸ್ ಕೊಡಬೇಕಾ?" ಎಂದ ಗರ್ತ್.

"ಪದಕ ಬೇಡ ಅಂತ ಇವತ್ತೇ ಬರೆದುಬಿಡ್ತೀನಿ" ಎಂದರು ಕ್ಲೆಮ್. ಹೇಳುತ್ತಲೇ ಟೈ ಸಡಿಲಿಸಿದರು. ಅವರ ಮುಖ ನೋಡಲಾಗದೆ ಎಲ್ಲರೂ ಹೀಟರ್ ನೋಡಿದೆವು. ಬರೆದರೂ ಪ್ರಯೋಜನವಿರಲಿಲ್ಲ. ಒಪ್ಪಿದ ಕ್ಷಣವೇ ಎಂದು ನಿಯಮ ಹೇಳುತ್ತದೆ, ಆ ಕ್ಷಣ ಮಾರ್ಚಿನಲ್ಲೇ ಕಳೆದುಹೋಗಿತ್ತು.

ಉಳಿದದ್ದು ನಿಯಮವನ್ನೇ ತಿದ್ದುವ ದಾರಿ. ಕ್ಲೆಮ್ ಅವರನ್ನು ಉಳಿಸಿಕೊಳ್ಳಬೇಕೆಂಬುದರಲ್ಲಿ ಇಪ್ಪತ್ತೆರಡು ಜನರಿಗೂ ಒಂದೇ ಅಭಿಪ್ರಾಯ. ಪಕ್ಷದ ಚರಿತ್ರೆಯಲ್ಲಿ ಇಂಥದ್ದು ನಡೆದದ್ದು ಇದೇ ಮೊದಲು, ನಾನು ಪೆನ್ನಿನ ಮುಚ್ಚಳ ತೆಗೆದೆ.

ಗರ್ತ್ ಎದ್ದುನಿಂತ. "ಸದಸ್ಯರೆಲ್ಲ ನೇರವಾಗಿ ಮತ ಹಾಕಿ ಒಪ್ಪಿದರೆ ಗೌರವ ಇಟ್ಕೋಬಹುದು. ಹಾಗಂತ ಬರೀರಿ."

"ಎಲ್ಲರೂ ಮತ ಹಾಕೋದಕ್ಕೆ ಇದೇನು ಜಾತ್ರೆಯಾ?" ಮೋನಿಕಾ ಎದ್ದರು. "ಚುನಾಯಿತ ಸಮಿತಿ ಪರಿಶೀಲಿಸಿ ಒಪ್ಪಿದರೆ ಇಟ್ಕೋಬಹುದು. ಹಾಗೆ ಬರೀರಿ."

"ನೋಡಿದ್ರಾ! ಜನರ ಮೇಲೆ ನಂಬಿಕೆನೇ ಇಲ್ಲ ಇವರಿಗೆ!"

"ನಿಮ್ಮಂಥ ಜನರ ಮೇಲೆ ಇಲ್ಲ."

ಗರ್ತ್‌ನ ತಿದ್ದುಪಡಿ: ಹನ್ನೊಂದು, ಹನ್ನೊಂದು. ಮೋನಿಕಾರ ತಿದ್ದುಪಡಿ: ಹನ್ನೊಂದು, ಹನ್ನೊಂದು. ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿದೆವು. ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

ಆಗ ಅಡುಗೆಕೋಣೆಯ ಬಾಗಿಲು ತೆರೆದು ಐಲೀನ್ ತಟ್ಟೆ ಹಿಡಿದುಕೊಂಡು ಬಂದರು.

"ಸ್ಕೋನ್ ಬನ್ನು ಆರಿ ಕಲ್ಲಾಗ್ತಿದೆ. ಇನ್ನೂ ಎಷ್ಟು ಹೊತ್ತು ಕಿತ್ತಾಡ್ತೀರಿ? ಕ್ಲೆಮ್ ಹೆಸರು ಬರೆದು ಕಳಿಸಿದ್ದು ನಾನು. ನಾಲ್ಕು ಪುಟ ಬರೆದಿದೀನಿ, ಕೈಬರಹದಲ್ಲಿ."

"ನೀನಾ?" ಎಂದರು ಕ್ಲೆಮ್.

"ಮತ್ತೆ ಇವರು ಕಳಿಸ್ತಾರಾ? ಇವರಿಗೆ ಚೌಕ ತುಂಬೋಕೇ ಒಂದು ಸಭೆ ಬೇಕು." ಆಕೆ ತಟ್ಟೆಯನ್ನು ನನ್ನ ಮುಂದೆ ಇಟ್ಟರು. "ನೋಲಾ, ಒಂದು ಹೆಸರು ಕಡಿಮೆ ತಾನೆ? ಕೊಡಿ ಇಲ್ಲಿ ಆ ಅರ್ಜಿ."

"ಐಲೀನ್, ನೀವು ಗಣರಾಜ್ಯ ಬೇಕು ಅಂತ ಸಹಿ ಹಾಕಬೇಕಾಗುತ್ತೆ. ಫೋನ್ ಮಾಡಿ ಕೇಳ್ತಾರೆ. ಸುಳ್ಳು ಹೇಳೋ ಹಾಗಿಲ್ಲ."

"ನನ್ನ ಜನ್ಮದಲ್ಲಿ ಸುಳ್ಳು ಹೇಳಿಲ್ಲ. ಓದೋಕೆ ಬಿಡಿ." ಆಕೆ ಅರ್ಜಿಯನ್ನು ಕೈದೂರದಲ್ಲಿ ಹಿಡಿದು ಓದಿದರು. "'ಈ ದೇಶವು ಸೂಕ್ತ ಕಾಲದಲ್ಲಿ ಗಣರಾಜ್ಯವಾಗಬೇಕೆಂದು ನಂಬುತ್ತೇನೆ.' ಸೂಕ್ತ ಕಾಲ ಅಂದರೆ ಯಾವಾಗ?"

ಸ್ಥಾಪಕರ ಸಭೆಯಲ್ಲಿ ಇಸವಿಯ ಮೇಲೂ ಮತ ಹನ್ನೊಂದು ಹನ್ನೊಂದಾಗಿ, ಕೊನೆಗೆ ಇಸವಿಯನ್ನೇ ಬರೆದಿರಲಿಲ್ಲ.

"ನನ್ನ ಲೆಕ್ಕದಲ್ಲಿ ಇನ್ನು ಮುನ್ನೂರು ವರ್ಷ ಬಿಟ್ಟು" ಎಂದರು ಐಲೀನ್. "ಆಗ ಆಗಲಿ, ನನ್ನದೇನೂ ಅಡ್ಡಿಯಿಲ್ಲ." ದಪ್ಪಕ್ಷರದಲ್ಲಿ ಸಹಿ ಹಾಕಿದರು. ಮೋನಿಕಾ ನಿಯಮಾವಳಿಯನ್ನು ಎರಡು ಸಲ ತಿರುವಿ ಹಾಕಿ, ತಪ್ಪು ಸಿಗದೆ ಮುಚ್ಚಿದರು.

ನನ್ನ ಪಟ್ಟಿ ನೂರಾಯಿತು. ನಾನು ಉಸಿರು ಬಿಡುತ್ತಿರುವಾಗ ಐಲೀನ್ ಒಂದು ಕುರ್ಚಿ ಎಳೆದುಕೊಂಡು ಎರಡು ಗುಂಪುಗಳ ನಡುವೆ ಕೂತರು.

"ಈಗ ನನಗೂ ಮತ ಇದೆ ಅಲ್ವಾ?"

ಇಪ್ಪತ್ತೆರಡು ಜನರ ಮುಖದಲ್ಲಿ ಲೆಕ್ಕ ಓಡುವುದು ಕಾಣಿಸಿತು. ಗರ್ತ್ ಮೊದಲು ಚೇತರಿಸಿಕೊಂಡ. "ಐಲೀನಮ್ಮ, ಅಲ್ಲಿ ಗಾಳಿ ಬೀಸುತ್ತೆ, ಹೀಟರ್ ಹತ್ತಿರ ಬನ್ನಿ." ಮೋನಿಕಾ ತಮ್ಮ ದಿಂಬನ್ನೇ ಎತ್ತಿಕೊಟ್ಟರು, ಆ ದಿಂಬಿಗೆ ಹಿಂದೆ ಯಾರೂ ಕೈ ತಗಲಿಸಿದ್ದಿಲ್ಲ. ಐಲೀನ್ ಎರಡನ್ನೂ ಸ್ವೀಕರಿಸಿದರು.

"ನೇರ ಮತವೂ ಬೇಡ, ಸಮಿತಿಯೂ ಬೇಡ. 'ಕ್ಲೆಮ್ ಪದಕ ಇಟ್ಕೊಳ್ಳಲಿ, ಸದಸ್ಯರಾಗಿಯೂ ಇರಲಿ.' ಅಷ್ಟೇ ಬರ್ಕೊಳ್ಳಿ. ಕೈ ಎತ್ತಿ ನೋಡೋಣ."

ಇಪ್ಪತ್ತಮೂರು ಕೈಗಳು ಎದ್ದವು. ಅಚ್ಚಾಗಿದ್ದ "ಸಮಸಮ"ವನ್ನು ಹೊಡೆದುಹಾಕಿ "ಅಂಗೀಕಾರ" ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದೆ. ಕ್ಲೆಮ್ ಟೈ ಬಿಗಿದುಕೊಂಡರು, ಮೂಗು ಒರೆಸಿಕೊಂಡರು, ಸ್ಕೋನಿಗೆ ಜಾಮ್ ಬಳಿಯತೊಡಗಿದರು.

"ಹಾಗಾದರೆ ಆ ರಾಷ್ಟ್ರಾಧ್ಯಕ್ಷರ ವಿಷಯ..." ಎಂದು ಗರ್ತ್ ಮತ್ತು ಮೋನಿಕಾ ಒಟ್ಟಿಗೇ ಶುರುಮಾಡಿದರು.

"ಮುಂದಿನ ವರ್ಷ ನೋಡೋಣ" ಎಂದು ಐಲೀನ್ ಎದ್ದರು. ಯಾಕೋ ಗೊತ್ತಿಲ್ಲ, ನಾವೆಲ್ಲರೂ ಎದ್ದುನಿಂತೆವು. ಆಕೆ ನಿಧಾನವಾಗಿ ವೇದಿಕೆಗೆ ಹೋಗಿ ಚಿತ್ರದ ಮೇಲಿನ ಬಟ್ಟೆ ಎಳೆದುಕೊಂಡು, "ಪಾತ್ರೆ ಒರೆಸಬೇಕು" ಎನ್ನುತ್ತಾ ಒಳಗೆ ಹೋದರು. ಯಾರೂ ಆಕ್ಷೇಪಿಸಲಿಲ್ಲ.

ಗುರುವಾರ ಚುನಾವಣಾ ಕಚೇರಿಯವರು ಫೋನ್ ಮಾಡಿದ ಕೆಲವರಲ್ಲಿ ಐಲೀನ್ ಕೂಡ ಒಬ್ಬರು. ಸುದ್ದಿ ಕೇಳಿ ನಾನು ಓಡೋಡಿ ಭವನಕ್ಕೆ ಹೋದೆ.

"ಏನು ಕೇಳಿದ್ರು?"

"ಗಣರಾಜ್ಯ ಪಕ್ಷದ ಸದಸ್ಯರೇ ಅಂತ. ಹೌದಪ್ಪ ಅಂದೆ."

"ಅಷ್ಟೇನಾ?"

"ಪಕ್ಷದ ಕೆಲಸದಲ್ಲಿ ಭಾಗವಹಿಸ್ತೀರಾ ಅಂತನೂ ಕೇಳಿದ." ಐಲೀನ್ ಆ ಗುಲಾಬಿ ಹೂವಿನ ಬಟ್ಟೆಯನ್ನು ಕೊಡವಿ ತಂತಿಗೆ ಹಾಕಿದರು. "ನನ್ನನ್ನು ಕೇಳದೆ ಅಲ್ಲಿ ಏನೂ ನಡೆಯೋದಿಲ್ಲ ಅಂದೆ."

ನೋಂದಣಿ ಮುಂದುವರಿದಿದೆ ಎಂಬ ಪತ್ರ ಮುಂದಿನ ವಾರ ಬಂತು.