ಪಹಿಲಾ ನಂಬರ

ಗದಗಿನ ಹತ್ತಿ ದಲಾಲರೆಲ್ಲ ನಮ್ಮಣ್ಣ ಕಳಕಪ್ಪನನ್ನು ಹೊಗಳುತ್ತಿದ್ದರು, ಕೊಟ್ಟ ಮಾತಿಗೆ ತಪ್ಪದ ಮನುಷ್ಯ ಎಂದು. ಹೊಗಳಲಿ, ಅವರಿಗೇನು! ಅವರೇನು ಅವನ ಹೊಟ್ಟೆಯಲ್ಲಿ ಹೆಣ್ಣಾಗಿ ಹುಟ್ಟಿರಲಿಲ್ಲವಲ್ಲ.

ಹುಟ್ಟಿದವಳು ಅಮೃತವ್ವ. ಅವಳ ತಾಯಿ ಹೆರಿಗೆಯಲ್ಲಿ ಸತ್ತಳು. ನಾಗಾವಿಯಿಂದ ಗದಗಿನ ದವಾಖಾನೆಗೆ ಚಕ್ಕಡಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗಂಡ ಸತ್ತು ತವರಿಗೆ ಬಂದು ಬಿದ್ದಿದ್ದ ನಾನೇ ಆ ಕೂಸನ್ನು ಸಾಕಿದೆ. ತಿಳಿವಳಿಕೆ ಬಂದಾಗಿನಿಂದ ಅವಳದು ಒಂದೇ ಹಟ, ತಾನು ಡಾಕ್ಟರ್ ಆಗಬೇಕು. ಎಂಟನೇ ಇಯತ್ತೆಗೆ ಹೋಗುವಾಗ ಅಪ್ಪನ ಮುಂದೆ ನಿಂತು ಕೇಳಿಯೇ ಬಿಟ್ಟಳು.

“ಮ್ಯಾಟ್ರಿಕ್ಕಿನ್ಯಾಗ ಶಾಲಿಗೆ ಪಹಿಲಾ ನಂಬರ ಬಾ, ಕಾಲೇಜಿಗೆ ಕರಕೊಂಡು ಹೊಕ್ಕೀನಿ. ನನ್ನ ಮಾತಂದ್ರ ಮಾತು,” ಎಂದ ಅಣ್ಣ.

ಬಂದಳು! ಗಂಡುಹುಡುಗರನ್ನೆಲ್ಲ ಹಿಂದೆ ಹಾಕಿ ಶಾಲೆಗೇ ಮೊದಲಿಗಳಾಗಿ, ಫಸ್ಟ್ ಕ್ಲಾಸಿನಲ್ಲಿ ಬಂದಳು. ನಾನು ಓಣಿಗೆಲ್ಲ ಪೇಡೆ ಹಂಚಿದೆ. ಪಹಿಲಾ ನಂಬರ ಬಂದ ಮೇಲೆ ಯಾವ ಕಾಲೇಜಿನವರು ಬೇಡ ಅಂದಾರು ಎಂದು ನನ್ನ ಲೆಕ್ಕ.

ಮೂವರೂ ರೈಲು ಹತ್ತಿ ಧಾರವಾಡಕ್ಕೆ ಹೋದೆವು. ಆಗಿನ್ನೂ ನಾವು ಮುಂಬಯಿ ರಾಜ್ಯದವರೇ. ದಾರಿಯಲ್ಲಿ ಏಕೀಕರಣದ ಮೆರವಣಿಗೆ ಸಿಕ್ಕಿತು. ಅಣ್ಣ ಟೊಪ್ಪಿಗೆ ತೆಗೆದು ಬೀಸುತ್ತ, ಕನ್ನಡಿಗರಿಗೆ ಅನ್ಯಾಯವಾಗಿದೆ ಎಂದು ಗಂಟಲು ಹರಿಯುವಂತೆ ಕೂಗಿದ. ಮೈತುಂಬ ನ್ಯಾಯ ಅವನಿಗೆ!

ಕಾಲೇಜಿನ ಪ್ರಿನ್ಸಿಪಾಲರು ಮಾರ್ಕುಗಳನ್ನು ನೋಡಿ ತಲೆಯೆತ್ತಿದರು. “ಆಲ್ಜೆಬ್ರಾ, ಜಾಮೆಟ್ರಿ ಎಲ್ಲಿ?”

ನಮ್ಮ ಶಾಲೆಯ ಪದ್ಧತಿಯೇ ಹಾಗಿತ್ತು. ಆಲ್ಜೆಬ್ರಾ ತಾಸು ಬಂತೆಂದರೆ ಹುಡುಗರು ಒಳಗೆ ಉಳಿಯುತ್ತಿದ್ದರು, ಹುಡುಗಿಯರು ಅರಿವೆ ಗಂಟು ಹಿಡಿದು ಹಿಂದಿನ ಪಡಸಾಲೆಗೆ ಹೊಲಿಗೆ ಕಲಿಯಲು ಹೋಗುತ್ತಿದ್ದರು. ನಾನು ಪೆದ್ದಿ, ಮುಂದೆ ಬಾಗಿ ಹೆಮ್ಮೆಯಿಂದ ಹೇಳಿದೆ: “ಹೊಲಿಗ್ಯಾಗ ಎಂಬತ್ತಾರು ಬಿದ್ದಾವ್ರಿ ಸಾಹೇಬ್ರ!”

“ಅದು ಇಲ್ಲಿ ನಡ್ಯಂಗಿಲ್ಲ ತಾಯಿ. ಡಾಕ್ಟರ್ ಆಗಬೇಕಂದ್ರ ಮೊದಲು ಸೈನ್ಸ್. ಸೈನ್ಸಿಗೆ ಗಣಿತದಾಗ ಅರವತ್ತು ಇರಬೇಕು. ಈಕಿಗೆ ಗಣಿತಾನ ಇಲ್ಲ.”

ಅಮೃತವ್ವ ಅಷ್ಟಕ್ಕೇ ಬಿಡಲಿಲ್ಲ. “ಒಂದು ವರ್ಷ ಗಣಿತ ಕಲತು ಮತ್ತ ಪರೀಕ್ಷಾಕ್ಕ ಕುಂಡ್ರಬಹುದೇನ್ರಿ ಸರ್?”

“ಯಾಕ ಬಾರದು? ನಿಮ್ಮಪ್ಪಾರು ಹೂಂ ಅನ್ನಬೇಕು.”

ಅವಳು ಅಪ್ಪನ ಕಡೆ ತಿರುಗಿದಳು. ಅಣ್ಣ ಕೈಮುಗಿದು ಎದ್ದು ನಿಂತಿದ್ದ. “ಪಹಿಲಾ ನಂಬರ ಬಂದಿ, ಕರಕೊಂಡು ಬಂದೆ. ಅವರು ಆಗಂಗಿಲ್ಲ ಅಂದ್ರು. ನನ್ನ ಮಾತು ತೀರಿತು, ನಡಿ.”

ತಿರುಗಿ ಬರುವಾಗ ಅಣ್ಣ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಮಿರ್ಚಿ ಭಜಿ ಕೊಂಡುಕೊಂಡು ಬಂದು ರೈಲಿನ ಡಬ್ಬಿಯಲ್ಲಿ ನಿಶ್ಚಿಂತನಾಗಿ ತಿನ್ನುತ್ತ ಕುಳಿತ. ಅವಳು ಬಹಳ ಹೊತ್ತು ಅವನನ್ನೇ ನೋಡಿದಳು.

“ಅಪ್ಪಾ, ಹಿಂಗ ಆಗತೈತಂತ ನಿನಗ ಮೊದಲ ಗೊತ್ತಿತ್ತೇನು?”

“ಗೊತ್ತಿರದ ಏನವಾ? ಎಂಟನೇ ಇಯತ್ತೆಕ್ಕ ಹೆಡ್‌ಮಾಸ್ತರು ಕರೆದು ಹೇಳಿದ್ರು, ನಿನ್ನ ಮಗಳು ಶಾಣ್ಯಾಕಿ ಅದಾಳ, ಹುಡುಗರ ಕೂಡ ಆಲ್ಜೆಬ್ರಾಕ್ಕ ಕುಂಡ್ರಲಿ, ಇಲ್ಲಾಂದ್ರ ಡಾಕ್ಟರಕಿ ಸಿಗಂಗಿಲ್ಲ ಅಂತ. ಬ್ಯಾಡ್ರಿ, ಹೊಲಿಗಿಗೇ ಕಳಸ್ರಿ ಅಂದೆ. ಆಮ್ಯಾಲೆನ ನಿನಗ ಮಾತು ಕೊಟ್ಟಿದ್ದು.”

ಇಷ್ಟು ವರ್ಷ! ಕಂದೀಲಿನ ಮುಂದೆ ಕಣ್ಣು ಸುಟ್ಟುಕೊಂಡು ಓದುತ್ತಿದ್ದ ಮಗಳನ್ನು ನೋಡುತ್ತ ಅದೇ ಮನೆಯಲ್ಲಿ ಉಂಡು ಮಲಗಿದ್ದ. “ನಿನ್ನ ಬಾಯಾಗ ಮಣ್ಣು ಬೀಳಲಿ!” ಎಂದು ಕಿರುಚಿದೆ. ಅಮೃತವ್ವ ಮುಖಕ್ಕೆ ಸೆರಗು ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಡಬ್ಬಿಯವರೆಲ್ಲ ತಿರುಗಿ ನೋಡಿದರು. ಅಣ್ಣ ಕೈ ಒರೆಸಿಕೊಂಡು ನಕ್ಕ.

“ಏನಿಲ್ರಿ. ಮಗಳು ಶಾಲಿಗೇ ಪಹಿಲಾ ನಂಬರ ಬಂದಾಳ. ಖುಷೀಗೆ ಅಳಾಕತ್ತಾಳ.”

ಅವರೆಲ್ಲ ಅವಳಿಗೆ ಶಾಬಾಸ್ ಅಂದರು.